ಕಾರ್ಡ್‌ಲೆಸ್ ಉಪಕರಣಗಳ ಬ್ಯಾಟರಿ: ಎಷ್ಟು ಖಾಲಿ ಮಾಡಬೇಕು, ಎಲ್ಲಿ ನಿಲ್ಲಿಸಬೇಕು

ಕಾರ್ಡ್‌ಲೆಸ್ ಡ್ರಿಲ್ ಬಳಸುವವರೆಲ್ಲ ಒಂದಲ್ಲ ಒಂದು ಸಲ ಈ ಸಲಹೆಯನ್ನು ಕೇಳಿರುತ್ತಾರೆ: ಬ್ಯಾಟರಿಯನ್ನು ಚಾರ್ಜಿಗೆ ಹಾಕುವ ಮೊದಲು ಪೂರ್ತಿ ಖಾಲಿ ಮಾಡಬೇಕು. ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ಮಟ್ಟಿಗೆ ಈ ಮಾತು ಅರ್ಧ ನಿಜ. ಈಗ ಎಲ್ಲೆಡೆ ಕಾಣುವ ಲಿಥಿಯಂ-ಅಯಾನ್ ಬ್ಯಾಟರಿಗೆ ಇದನ್ನೇ ಅನ್ವಯಿಸಿದರೆ ಅದರ ಆಯುಷ್ಯವನ್ನು ನಾವೇ ಕೈಯಾರೆ ಕಡಿಮೆ ಮಾಡಿದಂತೆ. ಎರಡೂ ಬಗೆಗಳಲ್ಲಿ ‘ಖಾಲಿ’ ಎಂದರೆ ಸೊನ್ನೆ ವೋಲ್ಟ್ ಅಲ್ಲ. ಪ್ರತಿಯೊಂದು ಸೆಲ್ಲಿಗೂ ಕೆಳಗೆ ಒಂದು ಗೆರೆ ಇದೆ, ಅದನ್ನು ದಾಟಿಸಬಾರದು. ಆ ಗೆರೆಯನ್ನು ಗುರುತಿಸುವುದು ಹೇಗೆ, ಅಲ್ಲಿಯವರೆಗೆ ಸುರಕ್ಷಿತವಾಗಿ ಇಳಿಸುವುದು ಹೇಗೆ, ಮಿಕ್ಕ ದಿನಗಳಲ್ಲಿ ಬ್ಯಾಟರಿಯನ್ನು ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಗೆರೆ ದಾಟಿದರೆ ಏನಾಗುತ್ತದೆ ಎಂಬುದನ್ನು ನಾನು ಕಲಿತದ್ದು ಒಂದು 14.4 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಪ್ಯಾಕನ್ನು ಕಳೆದುಕೊಂಡು. ಡ್ರಿಲ್ಲಿನ ಟ್ರಿಗರ್ ಒತ್ತಿ ಅದರ ಮೇಲೆ ಟೇಪ್ ಸುತ್ತಿ, ‘ಪೂರ್ತಿ ಖಾಲಿಯಾಗಲಿ’ ಎಂದು ರಾತ್ರಿಯಿಡೀ ಬಿಟ್ಟಿದ್ದೆ. ಮರುದಿನ ಚಾರ್ಜ್ ಆದ ಪ್ಯಾಕ್ ನಾಲ್ಕು ರಂಧ್ರ ಕೊರೆಯುವಷ್ಟರಲ್ಲಿ ಸೋತುಹೋಯಿತು. ಕೊನೆಗೆ ಪ್ಯಾಕ್ ಬಿಚ್ಚಿ ಸೆಲ್‌ಗಳನ್ನು ಒಂದೊಂದಾಗಿ ಅಳೆದಾಗ ಹನ್ನೊಂದು ಸೆಲ್‌ಗಳು 1.2 ವೋಲ್ಟಿನ ಆಸುಪಾಸಿನಲ್ಲಿದ್ದವು. ಹನ್ನೆರಡನೆಯದು ಸೊನ್ನೆ ತೋರಿಸಿತು, ಅದರ ಪಾಸಿಟಿವ್ ತುದಿಯ ಸುತ್ತ ಉಪ್ಪಿನಂಥ ಬಿಳಿ ಪುಡಿ ಕಟ್ಟಿಕೊಂಡಿತ್ತು.

ಇದರ ಕಾರಣ ಸರಳ. ಪ್ಯಾಕಿನೊಳಗಿನ ಸೆಲ್‌ಗಳು ಸರಣಿಯಲ್ಲಿ ಜೋಡಣೆಯಾಗಿರುತ್ತವೆ, ಆದರೆ ಎಲ್ಲವೂ ಒಂದೇ ಸಮನಾಗಿರುವುದಿಲ್ಲ. ಎಲ್ಲಕ್ಕಿಂತ ದುರ್ಬಲವಾದ ಸೆಲ್ ಮೊದಲು ಬರಿದಾಗುತ್ತದೆ. ಉಳಿದವುಗಳಲ್ಲಿ ಇನ್ನೂ ಶಕ್ತಿ ಇರುವುದರಿಂದ ಅವು ಆ ಬರಿದಾದ ಸೆಲ್ಲಿನ ಮೂಲಕವೇ ಕರೆಂಟನ್ನು ಹರಿಸುತ್ತಲೇ ಇರುತ್ತವೆ. ಆಗ ಅದರ ಧ್ರುವಗಳು ತಿರುವುಮುರುವಾಗುತ್ತವೆ, ಒಳಗೆ ಅನಿಲ ಹುಟ್ಟಿ ಒತ್ತಡ ಏರುತ್ತದೆ, ಸುರಕ್ಷತಾ ರಂಧ್ರ ತೆರೆದುಕೊಂಡು ಕ್ಷಾರ ದ್ರವ ಹೊರಬರುತ್ತದೆ. ಆ ಬಿಳಿ ಪುಡಿ ಎಂದರೆ ಸೋರಿದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಗಾಳಿಯ ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಆದ ಕಾರ್ಬನೇಟ್. ಒಂದು ಸೆಲ್ ಕೆಟ್ಟರೆ ಇಡೀ ಪ್ಯಾಕ್ ಕೆಟ್ಟಂತೆಯೇ.

ಮೊದಲ ಹಂತ: ನಿಮ್ಮಲ್ಲಿರುವುದು ಯಾವ ಬ್ಯಾಟರಿ?

ಪ್ಯಾಕಿನ ಲೇಬಲ್ ಓದದೆ ಮುಂದಿನ ಯಾವ ಕೆಲಸಕ್ಕೂ ಕೈ ಹಾಕಬಾರದು. ಎನ್ಐ-ಸಿಡಿ ಎಂದಿದ್ದರೆ ನಿಕಲ್-ಕ್ಯಾಡ್ಮಿಯಂ, ಎನ್ಐ-ಎಂಎಚ್ ಎಂದಿದ್ದರೆ ನಿಕಲ್-ಮೆಟಲ್ ಹೈಡ್ರೈಡ್, ಎಲ್ಐ-ಅಯಾನ್ ಎಂದಿದ್ದರೆ ಲಿಥಿಯಂ-ಅಯಾನ್. ಲೇಬಲ್ ಅಳಿಸಿಹೋಗಿದ್ದರೆ ಚಾರ್ಜರಿನ ಮೇಲೆ ನೋಡಬೇಕು. ಅಲ್ಲೂ ತಿಳಿಯದಿದ್ದರೆ ಅದನ್ನು ಲಿಥಿಯಂ ಎಂದೇ ಭಾವಿಸಿ ನಡೆದುಕೊಳ್ಳುವುದು ಕ್ಷೇಮ.

ಮುಂದಿನದು ಸೆಲ್‌ಗಳ ಲೆಕ್ಕ. ನಿಕಲ್ ಬಗೆಯ ಎರಡೂ ಸೆಲ್‌ಗಳು ತಲಾ 1.2 ವೋಲ್ಟಿನವು. ಆದ್ದರಿಂದ 9.6 ವೋಲ್ಟಿನ ಪ್ಯಾಕಿನಲ್ಲಿ 8, 12 ವೋಲ್ಟಿನದರಲ್ಲಿ 10, 14.4 ವೋಲ್ಟಿನದರಲ್ಲಿ 12, 18 ವೋಲ್ಟಿನದರಲ್ಲಿ 15 ಸೆಲ್‌ಗಳಿರುತ್ತವೆ. ಲಿಥಿಯಂ ಸೆಲ್ ಸಾಮಾನ್ಯವಾಗಿ 3.6 ವೋಲ್ಟಿನದು, ಹಾಗಾಗಿ 18 ವೋಲ್ಟಿಗೆ ಸರಣಿಯಲ್ಲಿ ಐದೇ ಸಾಕು. ದೊಡ್ಡ ಪ್ಯಾಕುಗಳಲ್ಲಿ ಹತ್ತು ಸೆಲ್‌ಗಳಿದ್ದರೂ ಅವು ಜೋಡಿಜೋಡಿಯಾಗಿ ಸಮಾಂತರದಲ್ಲಿರುವುದರಿಂದ ವೋಲ್ಟೇಜ್ ಬದಲಾಗದೆ ಸಾಮರ್ಥ್ಯ ಮಾತ್ರ ಇಮ್ಮಡಿಯಾಗುತ್ತದೆ. ಪೆಟ್ಟಿಗೆಯ ಮೇಲೆ ‘20 ವೋಲ್ಟ್’ ಎಂದು ಮೆರೆಯುವ ಪ್ಯಾಕಿನೊಳಗೂ ಸಾಮಾನ್ಯವಾಗಿ ಇದೇ ಐದರ ಸರಣಿ ಇರುತ್ತದೆ. ಚಾರ್ಜ್ ತುಂಬಿದಾಗಿನ ವೋಲ್ಟೇಜನ್ನು ಅಲ್ಲಿ ದೊಡ್ಡದಾಗಿ ಮುದ್ರಿಸಿರುತ್ತಾರೆ, ಅಷ್ಟೆ.

ನಿಕಲ್ ಸೆಲ್ಲಿನ ಕೆಳಗಿನ ಗೆರೆ 1.0 ವೋಲ್ಟ್, ಲಿಥಿಯಂ ಸೆಲ್ಲಿನದು ಸುಮಾರು 3.0 ವೋಲ್ಟ್. ಇವೆರಡನ್ನೂ ಲೋಡ್ ಇರುವಾಗಲೇ, ಅಂದರೆ ಪ್ಯಾಕಿನಿಂದ ಕರೆಂಟು ಹರಿಯುತ್ತಿರುವಾಗಲೇ ಅಳೆಯಬೇಕು. ಹದಿನೈದು ಸೆಲ್ಲಿನ ನಿಕಲ್ ಪ್ಯಾಕಿಗೂ ಐದು ಸೆಲ್ಲಿನ ಲಿಥಿಯಂ ಪ್ಯಾಕಿಗೂ ಒಟ್ಟು ಅಂಕಿ 15 ವೋಲ್ಟ್ ಎಂದೇ ಬರುವುದು ಕೇವಲ ಕಾಕತಾಳೀಯ. ಈ ಹೋಲಿಕೆಯನ್ನು ನಂಬಿ ಎರಡನ್ನೂ ಒಂದೇ ರೀತಿ ನಡೆಸಿಕೊಳ್ಳಬಾರದು, ಏಕೆಂದರೆ ನಿಕಲ್ ಪ್ಯಾಕಿಗೆ ಅಲ್ಲಿಯವರೆಗೆ ಇಳಿಯುವುದು ಆಗಾಗ ಒಳ್ಳೆಯದು, ಲಿಥಿಯಂ ಪ್ಯಾಕಿಗೆ ಅದು ಪ್ರಪಾತದ ಅಂಚು.

ನಿಕಲ್-ಕ್ಯಾಡ್ಮಿಯಂ ಪ್ಯಾಕನ್ನು ಇಳಿಸುವ ವಿಧಾನ

ಈ ಬಗೆಯ ಸೆಲ್ಲನ್ನು ಪದೇಪದೇ ಅರ್ಧಕ್ಕೇ ಚಾರ್ಜಿಗೆ ಹಾಕಿದಾಗ, ಅದಕ್ಕಿಂತ ಹೆಚ್ಚಾಗಿ ತುಂಬಿದ ಮೇಲೂ ಚಾರ್ಜರಿನಲ್ಲೇ ಬಿಟ್ಟಾಗ, ಒಳಗಿನ ಕ್ಯಾಡ್ಮಿಯಂ ಸಣ್ಣ ಹರಳುಗಳ ಬದಲು ದೊಡ್ಡ ಹರಳುಗಳಾಗಿ ಬೆಳೆಯುತ್ತದೆ. ಆಗ ಕರೆಂಟು ಕೊಡುವ ಮೇಲ್ಮೈ ಕುಗ್ಗಿ, ಕೆಲಸದ ನಡುವೆ ವೋಲ್ಟೇಜ್ ಬೇಗನೆ ಕುಸಿಯುತ್ತದೆ. ಜನ ಇದನ್ನು ‘ಮೆಮೊರಿ ಎಫೆಕ್ಟ್’ ಎನ್ನುತ್ತಾರೆ. ಬ್ಯಾಟರಿ ಏನನ್ನೋ ನೆನಪಿಟ್ಟುಕೊಳ್ಳುತ್ತದೆ ಎಂಬುದಕ್ಕಿಂತ ಅತಿಯಾದ ಚಾರ್ಜಿಂಗ್‌ನಿಂದ ಜಡವಾಗಿದೆ ಎನ್ನುವುದೇ ಹೆಚ್ಚಿನ ಸಂದರ್ಭಗಳಲ್ಲಿ ನಿಜಕ್ಕೆ ಹತ್ತಿರ. ಗೆರೆಯವರೆಗೆ ಇಳಿಸಿ ನಿಧಾನವಾಗಿ ತುಂಬಿದರೆ ಈ ಜಡತೆ ಬಹುಮಟ್ಟಿಗೆ ಹೋಗುತ್ತದೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ: ಒಂದು ಮಲ್ಟಿಮೀಟರ್, 12 ವೋಲ್ಟ್ 10 ವಾಟಿನ ಎರಡು ಫಿಲಮೆಂಟ್ ಬಲ್ಬುಗಳು, ಅವುಗಳ ಹೋಲ್ಡರ್, ಸ್ವಲ್ಪ ವೈರ್, 5 ಆಂಪಿಯರಿನ ಒಂದು ಫ್ಯೂಸ್, ಪ್ಯಾಕಿನ ಟರ್ಮಿನಲ್ಲಿಗೆ ಬಿಗಿಯಾಗಿ ಕೂರುವ ಸ್ಪೇಡ್ ಕನೆಕ್ಟರ್‌ಗಳು. ಎಲ್‌ಇಡಿ ಬಲ್ಬು ಇಲ್ಲಿ ಉಪಯೋಗಕ್ಕೆ ಬಾರದು. ಫಿಲಮೆಂಟ್ ಬಲ್ಬು ಕರೆಂಟನ್ನು ಹಿಡಿತದಲ್ಲಿಡುತ್ತದೆ, ಜೊತೆಗೆ ತನ್ನ ಬೆಳಕಿನಿಂದಲೇ ಪ್ಯಾಕಿನ ಸ್ಥಿತಿಯನ್ನೂ ತೋರಿಸುತ್ತದೆ.

14.4 ಮತ್ತು 18 ವೋಲ್ಟಿನ ಪ್ಯಾಕಿಗೆ ಎರಡೂ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಬೇಕು. 9.6 ಮತ್ತು 12 ವೋಲ್ಟಿನದಕ್ಕೆ ಒಂದೇ ಬಲ್ಬು ಸಾಕು. ಫ್ಯೂಸನ್ನು ಪಾಸಿಟಿವ್ ವೈರಿನಲ್ಲಿ, ಪ್ಯಾಕಿಗೆ ಆದಷ್ಟು ಹತ್ತಿರದಲ್ಲಿ ಹಾಕಬೇಕು. 18 ವೋಲ್ಟಿನ ಪ್ಯಾಕಿಗೆ ಈ ಜೋಡಣೆ ಸುಮಾರು 0.7 ಆಂಪಿಯರ್ ಎಳೆಯುತ್ತದೆ. 1.5 ಆಂಪಿಯರ್-ಅವರ್ ಸಾಮರ್ಥ್ಯದ ಆರೋಗ್ಯವಂತ ಪ್ಯಾಕ್ ಪೂರ್ತಿ ತುಂಬಿದ್ದರೆ ಇಳಿಯಲು ಸುಮಾರು ಎರಡು ಗಂಟೆ ಹಿಡಿಯುತ್ತದೆ. ಇದಕ್ಕಿಂತ ದೊಡ್ಡ ಬಲ್ಬು ಹಾಕಿ ಬೇಗ ಮುಗಿಸುವ ಆಸೆ ಬೇಡ.

ಮೊದಲು ಉಪಕರಣದಲ್ಲೇ ಕೆಲಸ ಮಾಡಿ, ಡ್ರಿಲ್ಲಿನ ವೇಗ ಕಣ್ಣಿಗೆ ಕಾಣುವಷ್ಟು ತಗ್ಗಿದ ಕೂಡಲೇ ನಿಲ್ಲಿಸಿ, ಪ್ಯಾಕನ್ನು ಹೊರತೆಗೆದು ತಣ್ಣಗಾಗಲು ಬಿಡಬೇಕು. ಅನಂತರ ಮಲ್ಟಿಮೀಟರನ್ನು ಡಿಸಿ ವೋಲ್ಟೇಜಿಗೆ ಇಟ್ಟು, ಯಾವ ಎರಡು ಟರ್ಮಿನಲ್‌ಗಳ ನಡುವೆ ಪೂರ್ಣ ವೋಲ್ಟೇಜ್ ಸಿಗುತ್ತದೆ ಎಂದು ನೋಡಿ ಗುರುತು ಹಾಕಿಕೊಳ್ಳಬೇಕು. ಮೂರನೆಯ ಅಥವಾ ನಾಲ್ಕನೆಯ ಟರ್ಮಿನಲ್ ಇದ್ದರೆ ಅದು ಬಹುತೇಕ ತಾಪಮಾನದ ಸೆನ್ಸರಿನದು, ಅದಕ್ಕೆ ಬಲ್ಬನ್ನು ಜೋಡಿಸಬಾರದು. ಪ್ಯಾಕನ್ನು ಹೆಂಚಿನ ಅಥವಾ ಕಲ್ಲಿನ ಮೇಲ್ಮೈ ಮೇಲೆ, ಉರಿಯುವ ವಸ್ತುಗಳಿಂದ ದೂರವಿಟ್ಟು ಕನೆಕ್ಟರ್‌ಗಳನ್ನು ಒಂದೊಂದಾಗಿ ಸಿಕ್ಕಿಸಬೇಕು. ಬರಿಯ ವೈರಿನ ತುದಿಗಳೆರಡನ್ನೂ ಒಟ್ಟಿಗೆ ಕೈಯಲ್ಲಿ ಹಿಡಿಯುವುದು ಶಾರ್ಟ್ ಸರ್ಕ್ಯೂಟಿಗೆ ತಾನಾಗಿ ಆಹ್ವಾನ ಕೊಟ್ಟಂತೆ.

ಇನ್ನು ಮುಂದೆ ಕಣ್ಣು ಮೀಟರಿನ ಮೇಲಿರಬೇಕು. ಪ್ಯಾಕಿನಲ್ಲಿ ಇನ್ನೂ ಸಾಕಷ್ಟು ಶಕ್ತಿ ಉಳಿದಿದ್ದರೆ ಮೊದಮೊದಲು ಅಂಕಿ ಬಹಳ ನಿಧಾನವಾಗಿ ಇಳಿಯುತ್ತದೆ. 18 ವೋಲ್ಟಿನ ಆಸುಪಾಸಿನಲ್ಲೇ ತುಂಬ ಹೊತ್ತು ಆಡುತ್ತಿರುತ್ತದೆ, ಹತ್ತು ನಿಮಿಷಕ್ಕೊಮ್ಮೆ ನೋಡಿದರೆ ಸಾಕು. 17 ದಾಟಿದ ಮೇಲೆ ಆಟವೇ ಬೇರೆ. ನೋಡುತ್ತಿರುವಂತೆಯೇ ಮೀಟರಿನ ಕೊನೆಯ ಅಂಕಿ ಒಂದೊಂದಾಗಿ ಕಳಚತೊಡಗುತ್ತದೆ, ಬಲ್ಬಿನ ತಂತಿ ಹಳದಿಯಿಂದ ಕಿತ್ತಳೆಗೆ ತಿರುಗುತ್ತದೆ. ಆಗ ಎದ್ದುಹೋಗಿ ಬೇರೆ ಕೆಲಸ ಹಿಡಿಯಬಾರದು. 15 ವೋಲ್ಟ್ ಕಂಡ ತಕ್ಷಣ ಕನೆಕ್ಟರ್ ತೆಗೆಯಬೇಕು. ಇದು 14.4 ವೋಲ್ಟಿನ ಪ್ಯಾಕಿಗೆ 12, 12 ವೋಲ್ಟಿನದಕ್ಕೆ 10, 9.6 ವೋಲ್ಟಿನದಕ್ಕೆ 8 ವೋಲ್ಟ್. ನಡುವೆ ಎಲ್ಲಾದರೂ ಅಂಕಿ ಒಮ್ಮೆಲೇ ಒಂದು ವೋಲ್ಟಿನಷ್ಟು ಕುಸಿದರೆ ಯಾವುದೋ ಒಂದು ಸೆಲ್ ಮುಗಿದಿದೆ ಎಂದು ತಿಳಿಯಬೇಕು. ಗೆರೆ ಬಾರದಿದ್ದರೂ ಅಲ್ಲಿಗೇ ನಿಲ್ಲಿಸಬೇಕು.

ಬಲ್ಬು ತೆಗೆದ ಸ್ವಲ್ಪ ಹೊತ್ತಿಗೆ ವೋಲ್ಟೇಜ್ ತಾನಾಗಿಯೇ ಮೇಲೇರುತ್ತದೆ. ಅದನ್ನು ಕಂಡು ‘ಇನ್ನೂ ಉಳಿದಿದೆ’ ಎಂದು ಮತ್ತೆ ಬಲ್ಬು ಹಚ್ಚುವುದೇ ಹಲವರು ಮಾಡುವ ತಪ್ಪು. ಏರಿದ ಅಂಕಿ ಮೇಲ್ಮೈಯ ಚೇತರಿಕೆ ಮಾತ್ರ, ಅದನ್ನು ಕರಗಿಸಲು ಹೋದರೆ ಮೇಲೆ ಹೇಳಿದ ತಿರುವುಮುರುವು ನಡೆಯುತ್ತದೆ.

ಒಂದೆರಡು ಗಂಟೆ ವಿಶ್ರಾಂತಿ ಕೊಟ್ಟ ಮೇಲೆ ಚಾರ್ಜಿಗೆ ಹಾಕಬೇಕು. ನಿಧಾನ ಚಾರ್ಜಿನ ಸೌಲಭ್ಯವಿದ್ದರೆ ಸಾಮರ್ಥ್ಯದ ಹತ್ತನೆಯ ಒಂದು ಭಾಗದ ಕರೆಂಟಿನಲ್ಲಿ, ಅಂದರೆ 1.5 ಆಂಪಿಯರ್-ಅವರ್ ಪ್ಯಾಕಿಗೆ 0.15 ಆಂಪಿಯರಿನಲ್ಲಿ, 14ರಿಂದ 16 ಗಂಟೆ ಇಡುವುದು ಅತ್ಯುತ್ತಮ. ಮೊದಲು ತುಂಬಿದ ಸೆಲ್‌ಗಳು ಈ ಸಣ್ಣ ಕರೆಂಟನ್ನು ಶಾಖವಾಗಿ ಬಿಟ್ಟುಕೊಡುತ್ತಿರುವಾಗ ಹಿಂದುಳಿದ ಸೆಲ್‌ಗಳು ಮೇಲೆ ಬಂದು ಎಲ್ಲವೂ ಸಮನಾಗುತ್ತವೆ. ಎರಡು ಮೂರು ಸಲ ಹೀಗೆ ಇಳಿಸಿ ತುಂಬಿದರೂ ಸುಧಾರಣೆ ಕಾಣದಿದ್ದರೆ ಸೆಲ್ ಮುದಿಯಾಗಿದೆ ಎಂದೇ ಅರ್ಥ. ಇಂಥ ಸೆಲ್ಲಿಗೆ ವೆಲ್ಡಿಂಗ್ ಯಂತ್ರದಿಂದಲೋ ದೊಡ್ಡ ಕೆಪಾಸಿಟರಿನಿಂದಲೋ ಹೊಡೆತ ಕೊಟ್ಟು ಎಬ್ಬಿಸುವ ಪ್ರಯೋಗ ಮಾಡುವವರಿದ್ದಾರೆ. ಸೆಲ್ ಸಿಡಿದರೆ ಕ್ಷಾರ ನೇರವಾಗಿ ಕಣ್ಣಿಗೆ ಬರುತ್ತದೆ, ಆ ದಾರಿ ಬೇಡ.

ಈ ಇಡೀ ಕ್ರಮ ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಸಾಕು. ಪ್ರತಿ ಚಾರ್ಜಿಗೂ ಮೊದಲು ಮಾಡಿದರೆ ಸವೆತವೇ ಹೆಚ್ಚು. ಪೂರ್ತಿ ತುಂಬಿದ ಪ್ಯಾಕಿಗೇ ಬಲ್ಬು ಹಚ್ಚಿ ಇಳಿಸಿದಾಗಲೆಲ್ಲ ಅದು ಎಷ್ಟು ನಿಮಿಷ ಉರಿಯಿತು ಎಂಬುದನ್ನು ದಿನಾಂಕದ ಸಮೇತ ಪ್ಯಾಕಿನ ಮೇಲೆಯೇ ಮಾರ್ಕರಿನಲ್ಲಿ ಬರೆದಿಡುವ ಅಭ್ಯಾಸ ನನಗಿದೆ. ಹೊಸತರಲ್ಲಿ 125 ನಿಮಿಷ ಇದ್ದದ್ದು 60ಕ್ಕೆ ಬಂದಿದ್ದರೆ ಸಾಮರ್ಥ್ಯ ಅರ್ಧಕ್ಕೆ ಇಳಿದಿದೆ ಎಂದು ತಿಳಿಯಲು ಬೇರೆ ಪರೀಕ್ಷೆ ಬೇಕಿಲ್ಲ.

ನಿಕಲ್-ಮೆಟಲ್ ಹೈಡ್ರೈಡ್ ಪ್ಯಾಕಿಗೂ ಇದೇ ಗೆರೆ, ಇದೇ ಬಲ್ಬು. ಆದರೆ ಅದಕ್ಕೆ ಈ ಚಿಕಿತ್ಸೆ ಅಪರೂಪಕ್ಕೆ ಸಾಕು. ಅತಿಯಾದ ಚಾರ್ಜನ್ನು ಅದು ಕ್ಯಾಡ್ಮಿಯಂನಷ್ಟು ಸಹಿಸದು, ಆದ್ದರಿಂದ ನಿಕಲ್-ಕ್ಯಾಡ್ಮಿಯಂ ಚಾರ್ಜರಿನಲ್ಲಿ ಹಾಕದೆ ಅದಕ್ಕೆಂದೇ ಮಾಡಿದ ಚಾರ್ಜರನ್ನೇ ಬಳಸಬೇಕು.

ಲಿಥಿಯಂ-ಅಯಾನ್: ಇಳಿಸುವುದಕ್ಕೆ ಎರಡೇ ಕಾರಣ

ಈ ಬಗೆಯಲ್ಲಿ ‘ಮೆಮೊರಿ’ಯ ಚಿಂತೆಯಿಲ್ಲ. ಅರ್ಧ ಇರುವಾಗ ಚಾರ್ಜಿಗೆ ಹಾಕಿದರೂ ಹಾನಿಯಿಲ್ಲ, ನಿಜ ಹೇಳಬೇಕೆಂದರೆ ಪೂರ್ತಿ ಇಳಿಸಿ ಪೂರ್ತಿ ತುಂಬುವುದಕ್ಕಿಂತ ಅದೇ ಮೇಲು. ದೀರ್ಘಕಾಲ ಎತ್ತಿಡುವ ಮೊದಲು ಅರ್ಧಕ್ಕೆ ತರುವುದು, ಆಯುಷ್ಯ ಮುಗಿದ ಪ್ಯಾಕನ್ನು ಮರುಬಳಕೆಗೆ ಕಳಿಸುವ ಮೊದಲು ತಗ್ಗಿಸುವುದು, ಈ ಎರಡು ಸಂದರ್ಭ ಬಿಟ್ಟರೆ ಲಿಥಿಯಂ ಪ್ಯಾಕನ್ನು ಬೇಕೆಂದೇ ಇಳಿಸಲು ಕಾರಣವಿಲ್ಲ.

ಬಲ್ಬಿನ ವಿಧಾನವನ್ನು ಇದಕ್ಕೆ ಬಳಸಲೇಬಾರದು. ಎಷ್ಟೋ ಪ್ಯಾಕುಗಳಲ್ಲಿ ವೋಲ್ಟೇಜ್ ತಗ್ಗಿದಾಗ ಕರೆಂಟು ಕಡಿದುಹಾಕುವ ವ್ಯವಸ್ಥೆ ಪ್ಯಾಕಿನೊಳಗೆ ಇರುವುದಿಲ್ಲ, ಉಪಕರಣದೊಳಗೆ ಇರುತ್ತದೆ. ಬಲ್ಬನ್ನು ನೇರವಾಗಿ ಟರ್ಮಿನಲ್ಲಿಗೆ ಹಚ್ಚಿದರೆ ಆ ಕಾವಲುಗಾರನನ್ನು ಹೊರಗಿಟ್ಟಂತಾಗಿ, ಮರೆತು ಬಿಟ್ಟ ಪ್ಯಾಕ್ ತಳ ಮುಟ್ಟುವವರೆಗೂ ಬರಿದಾಗುತ್ತದೆ. ಸೆಲ್ ಸುಮಾರು 2 ವೋಲ್ಟಿಗಿಂತ ಕೆಳಗೆ ಇಳಿದು ಅಲ್ಲಿಯೇ ಉಳಿದರೆ ಋಣ ವಿದ್ಯುದ್ವಾರದ ತಾಮ್ರದ ಹಾಳೆ ಕರಗತೊಡಗುತ್ತದೆ. ಮುಂದೆ ಚಾರ್ಜ್ ಮಾಡುವಾಗ ಆ ತಾಮ್ರ ಬೇಕಾದಲ್ಲಿ ಕೂರದೆ ಎಲ್ಲೆಂದರಲ್ಲಿ ಕೂತು, ಒಳಗೊಳಗೇ ಶಾರ್ಟ್ ಆಗುವ ದಾರಿ ಮಾಡುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ ಎಂಬುದೇ ಇದರ ಅಪಾಯ.

ಆದ್ದರಿಂದ ಅರ್ಧಕ್ಕೆ ತರಲು ಸರಿಯಾದ ದಾರಿ ಎಂದರೆ ಅದೇ ತಯಾರಕರ ಉಪಕರಣದಲ್ಲಿ ಕೆಲಸ ಮಾಡುವುದು, ಇಲ್ಲವೆ ಅದೇ ಪ್ಯಾಕಿಗೆಂದು ಮಾಡಿದ ವರ್ಕ್ ಲೈಟ್ ಹಚ್ಚಿಡುವುದು. ಪ್ಯಾಕಿನ ಮೇಲೆ ನಾಲ್ಕು ದೀಪಗಳ ಸೂಚಕವಿದ್ದರೆ ಎರಡು ಉಳಿದಾಗ ನಿಲ್ಲಿಸಬೇಕು. ಮಲ್ಟಿಮೀಟರಿನಲ್ಲಿ ನೋಡುವುದಾದರೆ ಅರ್ಧ ಗಂಟೆ ವಿಶ್ರಾಂತಿಯ ನಂತರ ಐದು ಸೆಲ್ಲಿನ ಪ್ಯಾಕ್ 18ರಿಂದ 19 ವೋಲ್ಟ್ ತೋರಿಸಿದರೆ ಸರಿಯಾಗಿದೆ. ಪೂರ್ತಿ ತುಂಬಿದ್ದು 21 ವೋಲ್ಟ್ ತೋರಿಸುತ್ತದೆ.

ಕಪಾಟಿನಲ್ಲಿ ಮರೆತುಹೋದ ಪ್ಯಾಕೊಂದನ್ನು ಚಾರ್ಜರ್ ಒಪ್ಪದೆ ದೋಷದ ದೀಪ ಮಿಟುಕಿಸಿದರೆ, ಮೊದಲು ವೋಲ್ಟೇಜ್ ಅಳೆಯಬೇಕು. ಐದು ಸೆಲ್ಲಿನ ಪ್ಯಾಕ್ 12.5 ವೋಲ್ಟಿಗಿಂತ ಕೆಳಗಿದ್ದರೆ ಪ್ರತಿ ಸೆಲ್ ಸರಾಸರಿ 2.5 ವೋಲ್ಟಿಗಿಂತ ಕೆಳಗೆ ಹೋಗಿದೆ ಎಂದರ್ಥ. ಇನ್ನೊಂದು ತುಂಬಿದ ಪ್ಯಾಕಿನಿಂದ ವೈರ್ ಎಳೆದು ಅದಕ್ಕೆ ‘ಜೀವ ಕೊಡುವ’ ಉಪಾಯ ಕೆಲವೊಮ್ಮೆ ಫಲಿಸಿದಂತೆ ಕಾಣುತ್ತದೆ, ಆದರೆ ಚಾರ್ಜರ್ ನಿರಾಕರಿಸಿದ್ದಕ್ಕೆ ಕಾರಣ ಹಾಗೆಯೇ ಉಳಿದಿರುತ್ತದೆ. ಆ ಪ್ಯಾಕನ್ನು ಬಿಟ್ಟುಬಿಡುವುದೇ ವಿವೇಕ.

ಚಾರ್ಜಿಂಗ್ ಮತ್ತು ಸಂಗ್ರಹ

ಎಲ್ಲ ಬಗೆಗೂ ಶತ್ರು ಶಾಖವೇ. ಭಾರಿ ಕೆಲಸ ಮಾಡಿ ಬಿಸಿಯಾದ ಪ್ಯಾಕನ್ನು ಹಾಗೆಯೇ ಚಾರ್ಜರಿಗೆ ತೂರಿಸದೆ ಅರ್ಧ ಗಂಟೆಯಾದರೂ ಆರಲು ಬಿಡಬೇಕು. 10ರಿಂದ 40 ಡಿಗ್ರಿ ಸೆಲ್ಸಿಯಸ್ ನಡುವೆ ಚಾರ್ಜ್ ಮಾಡುವುದು ಒಳ್ಳೆಯದು. ಲಿಥಿಯಂ ಪ್ಯಾಕನ್ನು 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿಯೇ ವಿದ್ಯುದ್ವಾರದ ಮೇಲೆ ಲೇಪಗೊಳ್ಳುತ್ತದೆ, ಆ ಹಾನಿ ಮತ್ತೆ ಸರಿಹೋಗುವುದಿಲ್ಲ. ತುಂಬಿದ ಮೇಲೆ ಪ್ಯಾಕನ್ನು ಚಾರ್ಜರಿನಿಂದ ತೆಗೆಯಬೇಕು. ಮಲಗಿರುವಾಗಲೋ ಮನೆಯಲ್ಲಿ ಯಾರೂ ಇಲ್ಲದಿರುವಾಗಲೋ ಚಾರ್ಜಿಗೆ ಹಾಕುವ ಅಭ್ಯಾಸ ಬೇಡ. ನಿಕಲ್ ಚಾರ್ಜರಿನಲ್ಲಿ ಲಿಥಿಯಂ ಪ್ಯಾಕ್ ಹಾಕುವುದಂತೂ ಬೆಂಕಿಗೆ ಸೀದಾ ದಾರಿ, ಅದು ಅಚ್ಚುಕಟ್ಟಾಗಿ ಕೂತರೂ ಸರಿಯೇ.

ಎತ್ತಿಡುವಾಗ ಲಿಥಿಯಂ ಪ್ಯಾಕ್ ಅರ್ಧ ತುಂಬಿರಬೇಕು, ಉಪಕರಣದಿಂದ ಬೇರ್ಪಟ್ಟಿರಬೇಕು, ತಂಪಾದ ಒಣ ಜಾಗದಲ್ಲಿರಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ವಾಹನದೊಳಗೆ ತುಂಬಿದ ಪ್ಯಾಕನ್ನು ಬಿಡುವುದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಮೂರು ತಿಂಗಳಿಗೊಮ್ಮೆ ಅಳೆದು, ಐದು ಸೆಲ್ಲಿನದು 17.5 ವೋಲ್ಟಿಗಿಂತ ಕೆಳಗೆ ಬಂದಿದ್ದರೆ ಸ್ವಲ್ಪ ಚಾರ್ಜ್ ಕೊಡಬೇಕು. ನಿಕಲ್-ಕ್ಯಾಡ್ಮಿಯಂ ಇಷ್ಟು ನಾಜೂಕಿನದಲ್ಲ. ಅದು ಹೇಗಿಟ್ಟರೂ ತಾನಾಗಿ ಇಳಿಯುತ್ತದೆ, ಮತ್ತೆ ಬಳಸುವಾಗ ಒಮ್ಮೆ ನಿಧಾನವಾಗಿ ತುಂಬಿದರೆ ಸಾಕು.

ಟರ್ಮಿನಲ್‌ಗಳ ಬಗ್ಗೆ ಜನ ತೋರುವ ಅಸಡ್ಡೆ ನನಗೆ ಇನ್ನೂ ಅರ್ಥವಾಗಿಲ್ಲ. ಸ್ಕ್ರೂ, ಮೊಳೆ, ಡ್ರಿಲ್ ಬಿಟ್ ತುಂಬಿದ ಡಬ್ಬಿಯೊಳಗೆ ಮುಚ್ಚಳವಿಲ್ಲದ ಪ್ಯಾಕನ್ನು ಎಸೆದಿರುತ್ತಾರೆ. 18 ವೋಲ್ಟಿನ ದೊಡ್ಡ ಲಿಥಿಯಂ ಪ್ಯಾಕಿನ ಎರಡು ಟರ್ಮಿನಲ್‌ಗಳ ನಡುವೆ ಲೋಹದ ತುಂಡು ಬಿದ್ದರೆ ನೂರು ಆಂಪಿಯರಿಗೂ ಮೀರಿ ಕರೆಂಟು ಹರಿಯಬಲ್ಲದು, ಕ್ಷಣದಲ್ಲಿ ಆ ಲೋಹ ಕೆಂಪಗಾಗುತ್ತದೆ. ಪ್ಯಾಕಿನ ಜೊತೆ ಬಂದ ಪ್ಲಾಸ್ಟಿಕ್ ಮುಚ್ಚಳವನ್ನು ಕಳೆಯದೆ ಹಾಕಬೇಕು. ಕೊಳೆಯಾದ ಟರ್ಮಿನಲ್ಲನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಯ ಕಡ್ಡಿಯಿಂದ ಒರೆಸಬೇಕು, ಉಕ್ಕಿನ ನಾರಿನಿಂದ ಉಜ್ಜಬಾರದು. ನಿಕಲ್ ಪ್ಯಾಕಿನಲ್ಲಿ ಬಿಳಿ ಪುಡಿ ಕಂಡರೆ ಬರಿಗೈಯಲ್ಲಿ ಮುಟ್ಟಬಾರದು, ಅದು ಚರ್ಮವನ್ನು ಸುಡುತ್ತದೆ.

ಕೆಟ್ಟ ಪ್ಯಾಕಿಗೆ ಏನು ಮಾಡಬೇಕು?

ಬಿದ್ದು ಒಡೆದ, ಉಬ್ಬಿದ, ನೀರಿನಲ್ಲಿ ಮುಳುಗಿದ, ಸಿಹಿಯಾದ ದ್ರಾವಕದ ವಾಸನೆ ಬರುವ, ಕೆಲಸವಿಲ್ಲದೆಯೂ ಬಿಸಿಯಾಗಿರುವ ಲಿಥಿಯಂ ಪ್ಯಾಕನ್ನು ಚಾರ್ಜ್ ಮಾಡಬಾರದು, ಡಿಸ್ಚಾರ್ಜ್ ಮಾಡಲೂ ಹೋಗಬಾರದು. ಮನೆಯ ಹೊರಗೆ, ಉರಿಯುವ ವಸ್ತುಗಳಿಂದ ದೂರ, ಒಣ ಮರಳು ತುಂಬಿದ ಲೋಹದ ಬಕೆಟಿನಲ್ಲಿಟ್ಟು ಸಂಗ್ರಹ ಕೇಂದ್ರದವರಿಗೆ ಅದರ ಸ್ಥಿತಿಯನ್ನು ಹೇಳಿ ಒಪ್ಪಿಸಬೇಕು. ಹೊಗೆ ಬರತೊಡಗಿದರೆ ಅದನ್ನು ಉಸಿರಾಡಬಾರದು, ಅದರಲ್ಲಿ ಹೈಡ್ರೋಜನ್ ಫ್ಲೋರೈಡಿನಂಥ ವಿಷಾನಿಲ ಇರುತ್ತದೆ. ಎಲ್ಲರನ್ನೂ ಹೊರಗೆ ಕಳಿಸಿ ಅಗ್ನಿಶಾಮಕ ದಳಕ್ಕೆ ಕರೆ ಮಾಡಬೇಕು. ಇಂಥ ಬೆಂಕಿಯಲ್ಲಿ ಅಕ್ಕಪಕ್ಕದ ಸೆಲ್‌ಗಳನ್ನು ತಣ್ಣಗಾಗಿಸುವುದು ಧಾರಾಳವಾದ ನೀರು. ಮರಳು ಕಿಡಿಯನ್ನು ತಡೆಯುತ್ತದೆಯೇ ಹೊರತು ಶಾಖವನ್ನು ಎಳೆದುಕೊಳ್ಳುವುದಿಲ್ಲ.

ಹಾನಿಯಿಲ್ಲದೆ, ಬರೀ ಮುದಿಯಾದ ಪ್ಯಾಕಾದರೆ ಉಪಕರಣ ತಾನಾಗಿ ನಿಲ್ಲುವವರೆಗೆ ಹಗುರವಾದ ಕೆಲಸದಲ್ಲಿ ಬಳಸಿ ಅಲ್ಲಿಗೇ ಬಿಡಬೇಕು. ಉಪ್ಪು ನೀರಿನಲ್ಲಿ ಮುಳುಗಿಸಿಟ್ಟರೆ ಪೂರ್ತಿ ಖಾಲಿಯಾಗುತ್ತದೆ ಎಂಬ ಸಲಹೆಯನ್ನು ಈ ಪ್ಯಾಕುಗಳಿಗೆ ಪಾಲಿಸಬಾರದು: ನೀರಿನಲ್ಲಿ ವಿದ್ಯುದ್ವಿಭಜನೆ ನಡೆದು ಹೈಡ್ರೋಜನ್ ಹುಟ್ಟುತ್ತದೆ, ಟರ್ಮಿನಲ್ ಬೇಗನೆ ಕೊರೆದುಹೋಗಿ ಸಂಪರ್ಕ ಕಡಿಯುತ್ತದೆ, ಒಳಗಿನ ಸೆಲ್‌ಗಳಲ್ಲಿ ಶಕ್ತಿ ಹಾಗೆಯೇ ಉಳಿದರೂ ಹೊರಗೆ ಮೀಟರ್ ಸೊನ್ನೆ ತೋರಿಸುತ್ತದೆ. ಅದರ ಬದಲು ಪ್ರತಿಯೊಂದು ಟರ್ಮಿನಲ್ಲಿಗೂ ಇನ್ಸುಲೇಷನ್ ಟೇಪ್ ಅಂಟಿಸಿ, ಒಂದೊಂದು ಪ್ಯಾಕನ್ನೂ ಬೇರೆಬೇರೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬ್ಯಾಟರಿ ಅಥವಾ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಬೇಕು. ಮನೆಯ ಕಸದೊಂದಿಗೆ ಹೋದ ಲಿಥಿಯಂ ಪ್ಯಾಕ್ ಕಸದ ಲಾರಿಯ ಒತ್ತುಯಂತ್ರದಡಿ ನಜ್ಜುಗುಜ್ಜಾಗಿ ಲಾರಿಯನ್ನೇ ಸುಡಬಲ್ಲದು. ನಿಕಲ್-ಕ್ಯಾಡ್ಮಿಯಂ ಪ್ಯಾಕಿನಲ್ಲಿ ಬೆಂಕಿಯ ಭಯ ಕಡಿಮೆಯಾದರೂ ಅದರೊಳಗಿನ ಕ್ಯಾಡ್ಮಿಯಂ ವಿಷಲೋಹ, ಮಣ್ಣಿಗೂ ನೀರಿಗೂ ಸೇರಬಾರದ್ದು. ಹಾಗಾಗಿ ಅದನ್ನೂ ಹೀಗೆಯೇ ಟೇಪ್ ಹಚ್ಚಿ ಸಂಗ್ರಹ ಕೇಂದ್ರಕ್ಕೇ ಒಪ್ಪಿಸಬೇಕು.